ಪುಟ್ಟಲಕ್ಷ್ಮಿಯ ಹದಿನಾಲ್ಕು ಪರದೆಗಳು

ಟಿ. ನರಸೀಪುರದ ಬಸ್ ನಿಲ್ದಾಣದ ಹಿಂದಿನ ಗಲ್ಲಿಯಲ್ಲಿ ‘ಚಿಕ್ಕಮಾದು ಟೀವಿ ರಿಪೇರಿ’ ಎಂಬ ಬೋರ್ಡು ಈಗಲೂ ಇದೆ. ಚಿಕ್ಕಮಾದು ತೀರಿಕೊಂಡು ಹನ್ನೊಂದು ವರ್ಷವಾಯಿತು. ಒಳಗೆ ಕೂರುವವರು ಅವರ ಮಗಳು ಪುಟ್ಟಲಕ್ಷ್ಮಿ. ವಯಸ್ಸು ನಲವತ್ತೇಳು. ಟೀವಿಗಳು ವಾರಕ್ಕೆ ಒಂದೋ ಎರಡೋ ಬರುತ್ತವೆ. ಮೇಜಿನ ಮೇಲೆ ಹೊಟ್ಟೆ ಬಿಚ್ಚಿಕೊಂಡು ಕೂತಿರುವುದು ಹೆಚ್ಚಾಗಿ ಹಳೆಯ ಕಂಪ್ಯೂಟರುಗಳು.

ಈ ಕಂಪ್ಯೂಟರುಗಳಿಗೆ ಅವರು ಹಾಕುವುದು ಯಂತ್ರವನ್ನು ನಡೆಸುವ ಲಿನಕ್ಸ್ ಎಂಬ ತಂತ್ರಾಂಶ. ಯಾರು ಬೇಕಾದರೂ ಇಳಿಸಿಕೊಳ್ಳಬಹುದು, ಒಳಗಿರುವುದನ್ನು ತೆರೆದು ಓದಬಹುದು, ಬೇಕಾದಂತೆ ತಿದ್ದಬಹುದು. ಹತ್ತು ಹನ್ನೆರಡು ವರ್ಷ ಹಳೆಯದಾದ ಯಂತ್ರದ ಮೇಲೂ ಓಡುತ್ತದೆ. ಪುಟ್ಟಲಕ್ಷ್ಮಿ ಇದನ್ನು ಯಾವ ಕಾಲೇಜಿನಲ್ಲೂ ಕಲಿತವರಲ್ಲ. ಟೀವಿಯ ಚಿತ್ರ ಉರುಳಿದರೆ, ಓರೆಯಾದರೆ, ಕೆಳಗೆ ಕತ್ತರಿಸಿದಂತಾದರೆ ಎಲ್ಲಿ ತಿರುಗಿಸಬೇಕು ಎಂಬುದು ಹದಿನಾರನೇ ವಯಸ್ಸಿಗೇ ಕೈಗೆ ಬಂದಿತ್ತು. ಕಂಪ್ಯೂಟರಿನ ಪರದೆಯನ್ನೂ ಅವರು ಅದೇ ಕಣ್ಣಿನಿಂದ ನೋಡಿದರು. “ಚಿತ್ರ ಚಿತ್ರಾನೇ. ಕಿವಿ ಹಿಂಡೋ ಜಾಗ ಬೇರೆ ಅಷ್ಟೆ” ಎನ್ನುತ್ತಾರೆ.

ಮೂರು ವರ್ಷದ ಹಿಂದೆ ಮೈಸೂರಿನ ಒಂದು ಟ್ರಸ್ಟು, ಕಚೇರಿಗಳು ಬೇಡವೆಂದು ಬಿಟ್ಟ ಕಂಪ್ಯೂಟರುಗಳನ್ನು ಸಂಗ್ರಹಿಸಿ ನಂಜನಗೂಡು ಮತ್ತು ನರಸೀಪುರ ತಾಲ್ಲೂಕಿನ ಹದಿನಾಲ್ಕು ಓದುಮನೆಗಳಿಗೆ ಒಂದೊಂದರಂತೆ ಕೊಟ್ಟಿತು. ಅವುಗಳನ್ನು ಸಿದ್ಧಪಡಿಸಿ ನೋಡಿಕೊಳ್ಳುವ ಕೆಲಸ ಪುಟ್ಟಲಕ್ಷ್ಮಿಗೆ ಬಂತು. ಯಂತ್ರಗಳು ಚೆನ್ನಾಗಿಯೇ ಓಡಿದವು. ತೊಂದರೆ ಕೊಟ್ಟಿದ್ದು ಪರದೆಗಳು.

ಕಂಪ್ಯೂಟರು ಮತ್ತು ಪರದೆ ನಡುವಿನ ಕೇಬಲ್ಲಿನಲ್ಲಿ ಚಿತ್ರವಷ್ಟೇ ಹೋಗುವುದಿಲ್ಲ. ಪರದೆ ತನ್ನ ಅಳತೆಯನ್ನೂ ಅದರಲ್ಲೇ ಹೇಳಿ ಕಳಿಸುತ್ತದೆ. ಹಳೆಯ ಕೇಬಲ್ಲಿನ ಒಂದು ಪಿನ್ನು ಮುರಿದಿದ್ದರೂ ಆ ಮಾತು ತಲುಪುವುದಿಲ್ಲ. ಆಗ ಕಂಪ್ಯೂಟರು ಅಳತೆಯನ್ನು ಊಹಿಸುತ್ತದೆ. ಊಹೆ ತಪ್ಪಿದರೆ ಚಿತ್ರ ಹಿಗ್ಗುತ್ತದೆ, ಅಂಚು ಕತ್ತರಿಸಿ ಹೋಗುತ್ತದೆ, ಇಲ್ಲವೇ ಏನೂ ಕಾಣುವುದಿಲ್ಲ. ಹೊಸಬರಿಗೆ ಲಿನಕ್ಸ್ ಕೈಕೊಡುವುದು ಹೆಚ್ಚಾಗಿ ಇಲ್ಲಿಯೇ. ಸರಿಪಡಿಸುವ ಬಗೆ ಅಂತರ್ಜಾಲದಲ್ಲಿ ಬೇಕಾದಷ್ಟಿದೆ. ಅದನ್ನು ಓದಲು ಪರದೆ ಬೇಕು. ಪರದೆ ಬರಲು ಅದನ್ನು ಓದಿರಬೇಕು.

ಹೆಮ್ಮರಗಾಲದ ಓದುಮನೆಯನ್ನು ನೋಡಿಕೊಳ್ಳುವ ಕೋಮಲ ಒಂದು ಬೆಳಿಗ್ಗೆ ಫೋನ್ ಮಾಡಿದ್ದರು.

“ಪುಟ್ಟಕ್ಕ, ನಮ್ಮೂರಲ್ಲಿ ಕಂಪ್ಯೂಟರ್‌ಗೆ ರೇಂಜೇ ಸಿಕ್ತಿಲ್ಲ ಕಣಕ್ಕ.”

“ರೇಂಜ್ ಯಾಕೆ ಕೋಮಲ ಅದುಕ್ಕೆ? ಅದೇನ್ ಮೊಬೈಲಾ?”

“ಅದೇ ಏಳ್ತಾ ಅದಲ್ಲಕ್ಕ, ಔಟ್ ಆಫ್ ರೇಂಜ್ ಅಂತ. ಕಿಟಕಿ ತಾವ ಇಟ್ಟೋ, ಬರ್ಲಿಲ್ಲ. ಈಗ ಜಗಲಿ ಮೇಲೆ ತಂದು ಇಟ್ಟಿವಿ. ಮಾಳಿಗೆಗೆ ಅತ್ತುಸ್ಬೇಕಾ?”

ಪರದೆಗೆ ಎಟುಕದ ಅಳತೆಯ ಚಿತ್ರ ಬಂದಾಗ ಅದು ತೋರಿಸುವ ಇಂಗ್ಲಿಷ್ ಸಾಲು ಅದು. ಫೋನಿಗೆ ಸಿಗ್ನಲ್ ಬೇಕಾದಾಗ ಹೊಲದ ಬದುವಿನವರೆಗೂ ನಡೆದು ಹೋಗುವ ಜನಕ್ಕೆ ರೇಂಜ್ ಎಂದರೆ ಒಂದೇ ಅರ್ಥ. ಪುಟ್ಟಲಕ್ಷ್ಮಿ ನಗಲಿಲ್ಲ. ಸ್ಕೂಟರಿನಲ್ಲಿ ಹೆಮ್ಮರಗಾಲಕ್ಕೆ ಹೋಗಿ, ಯಂತ್ರವನ್ನು ಜಗಲಿಯಿಂದ ಒಳಗೆ ತರಿಸಿ, ಐದು ನಿಮಿಷದಲ್ಲಿ ಸರಿಮಾಡಿದರು. ಹೋಗಿಬರಲು ಅರ್ಧ ದಿನ ಹಿಡಿಯಿತು. ಇಂಥ ಅರ್ಧ ದಿನಗಳು ತಿಂಗಳಿಗೆ ಎಂಟು ಹತ್ತು ಆಗತೊಡಗಿದವು.

ಅದಕ್ಕಾಗಿ ಅವರು ಒಂದು ಸಣ್ಣ ಪ್ರೋಗ್ರಾಂ ಬರೆದರು. ಕಂಪ್ಯೂಟರು ಶುರುವಾದಾಗ ಪರದೆ ಬದಲಾಗಿದ್ದರೆ, ಇಲ್ಲವೇ ತನ್ನ ಅಳತೆ ಹೇಳದಿದ್ದರೆ, ಅದು ತಾನಾಗಿ ಒಂದೊಂದೇ ಅಳತೆಯನ್ನು ಹಾಕಿ ನೋಡುತ್ತದೆ. ನಡುವೆ ದೊಡ್ಡ ಕನ್ನಡ ಅಕ್ಷರದಲ್ಲಿ ‘ಪರದೆ ಸರಿಯಾಗಿದೆಯೇ?’ ಎಂದು ಕೇಳುತ್ತದೆ. ಕೆಳಗೆ ಎರಡು ಗುಂಡಿ: ‘ಹಾಗೇ ಇರಲಿ’, ‘ಬದಲಿಸು’. ಮೊದಲನೆಯದನ್ನು ಒತ್ತಿದರೆ ಆ ಅಳತೆ ಉಳಿಯುತ್ತದೆ. ಎರಡನೆಯದನ್ನು ಒತ್ತಿದರೆ ಮುಂದಿನ ಅಳತೆ. ಇನ್ನೂರು ಸಾಲಿನ ಈ ಪ್ರೋಗ್ರಾಂ ಬರೆಯಲು ನಾಲ್ಕು ತಿಂಗಳು ಹಿಡಿಯಿತು. ಕಳೆದ ವರ್ಷ ನವೆಂಬರಿನಲ್ಲಿ ಹದಿನಾಲ್ಕೂ ಕಡೆ ಹಾಕಿದರು.

ನವೆಂಬರಿನೊಳಗೇ ಮುಗಿಸಲು ಕಾರಣವಿತ್ತು. ಮೂವತ್ತು ವರ್ಷ ಟೀವಿಗಳ ಹಿಂದೆ ಕುಕ್ಕರಗಾಲಲ್ಲಿ ಕೂತು ಕೂತು ಅವರ ಬಲಮಂಡಿ ಸವೆದಿತ್ತು. ಜನವರಿ ಇಪ್ಪತ್ತಕ್ಕೆ ಮೈಸೂರಿನಲ್ಲಿ ಆಪರೇಷನ್ ಗೊತ್ತಾಗಿತ್ತು. ಆಮೇಲೆ ಮೂರು ತಿಂಗಳು ಸ್ಕೂಟರ್ ಮುಟ್ಟುವಂತಿಲ್ಲ. ಟ್ರಸ್ಟಿನ ಪರವಾಗಿ ಓದುಮನೆಗಳನ್ನು ನೋಡಿಕೊಳ್ಳುವ ಬಸವೇಶ್ ಇದನ್ನು ಕೇಳಿ ಮುಚ್ಚುಮರೆಯಿಲ್ಲದೆ ಹೇಳಿದರು.

“ಮೇಡಂ, ನೀವಿಲ್ದೆ ಇವು ಒಂದು ವಾರಾನೂ ನಡಿಯಲ್ಲ. ಕಪ್ಪಗೆ ಕೂತಿರೋ ಡಬ್ಬ ಇಟ್ಕೊಂಡು ಓದುಮನೆಯವ್ರು ಏನ್ ಮಾಡ್ಬೇಕು? ವಾಪಸ್ ತಗೊಂಡು ಗುಜರಿಗೆ ಹಾಕ್ತೀವಿ.”

“ನಡೀತವೆ ಸಾ. ಆಪರೇಷನ್‌ಗೆ ಮುಂಚೆ ನೀವೇ ಬಂದು ನೋಡಿ. ಯಾವತ್ತೂ ಕಂಪ್ಯೂಟರ್ ಮುಟ್ಟದೇ ಇರೋರ್ನ ಕೂರ್ಸಿ. ನಾನು ಬಾಯಿ ಬುಡಲ್ಲ.”

ಜನವರಿ ಹನ್ನೊಂದು ಎಂದು ದಿನ ಗೊತ್ತಾಯಿತು. ಆ ಹೊತ್ತಿಗೆ ಪುಟ್ಟಲಕ್ಷ್ಮಿಗೆ ಪ್ರೋಗ್ರಾಂ ಮೇಲೆ ಪೂರ್ತಿ ನಂಬಿಕೆಯಿತ್ತು. ಡಿಸೆಂಬರ್ ಮೊದಲ ವಾರ ಹದಿನಾಲ್ಕೂ ಊರಿಗೆ ಫೋನ್ ಮಾಡಿ ವಿಚಾರಿಸಿದರು. ಐದು ಕಡೆ ಸರಿಯಾಗಿತ್ತು. ಒಂಬತ್ತು ಕಡೆ ಚಿತ್ರ ಮೊದಲಿಗಿಂತ ಕೆಟ್ಟಿತ್ತು. ಎರಡು ಕಡೆ ಕೆಳಗಿನ ಪಟ್ಟಿಯೇ ಪರದೆಯಿಂದ ಹೊರಗೆ ಹೋಗಿ, ಯಂತ್ರವನ್ನು ಆರಿಸಲು ಪ್ಲಗ್ ಕೀಳುತ್ತಿದ್ದರು.

ಒಂದು ಸಂಜೆ ಇಡೀ ಅವರು ಪ್ರೋಗ್ರಾಮಿನ ಸಾಲುಗಳನ್ನು ಓದಿದರು. ತಪ್ಪು ಸಿಗಲಿಲ್ಲ. ಅಂಗಡಿಯಲ್ಲಿ ಐದು ಬಗೆಯ ಪರದೆಗೆ ಹಾಕಿ ನೋಡಿದರು. ಐದರಲ್ಲೂ ಸರಿಯಾಗಿ ಬಂತು. ಯಂತ್ರದಲ್ಲಿ ತಪ್ಪಿಲ್ಲದಿದ್ದರೆ ತಪ್ಪು ಅದರ ಮುಂದೆ ಕೂತಲ್ಲಿ ಇರಬೇಕು ಎಂದುಕೊಂಡು ಮರುದಿನ ಬದನವಾಳಿಗೆ ಹೊರಟರು.

ಬದನವಾಳಿನ ಓದುಮನೆಗೆ ಮಧ್ಯಾಹ್ನದ ಬಿಡುವಿನಲ್ಲಿ ತಪ್ಪದೆ ಬರುವವರು ಚಲುವಮ್ಮ. ಖಾದಿ ಕೇಂದ್ರದಲ್ಲಿ ನೂಲುತ್ತಾರೆ. ಅರವತ್ತು ದಾಟಿದೆ. ಕಣ್ಣು ಮಂಜಾದ ಮೇಲೆ ಕಾಗದದ ಮೇಲಿನ ಪತ್ರಿಕೆ ಓದಲಾಗದೆ ಬಿಟ್ಟಿದ್ದರು. ಪರದೆಯ ಮೇಲೆ ಅಕ್ಷರವನ್ನು ಹೆಬ್ಬೆರಳಿನಷ್ಟು ಮಾಡಿಕೊಳ್ಳಬಹುದು ಎಂದು ಗೊತ್ತಾದಾಗಿನಿಂದ ದಿನವೂ ಬರುತ್ತಾರೆ. ಅಂದು ಪುಟ್ಟಲಕ್ಷ್ಮಿ ಬೇರೊಂದು ಪರದೆ ಜೋಡಿಸಿ, ಹಿಂದಿನ ಬೆಂಚಿನ ಮೇಲೆ ಕೂತು ಸುಮ್ಮನೆ ನೋಡಿದರು.

ಯಂತ್ರ ಶುರುವಾಯಿತು. ಮೊದಲ ಯತ್ನಕ್ಕೇ ಚಿತ್ರ ಅಚ್ಚುಕಟ್ಟಾಗಿ ಬಂತು. ಚಲುವಮ್ಮ ಪ್ರಶ್ನೆಯನ್ನು ಅಕ್ಷರಕ್ಕೆ ಅಕ್ಷರ ಕೂಡಿಸಿ ಓದಿದರು. ಎರಡು ಗುಂಡಿಗಳನ್ನೂ ಓದಿದರು. ತಲೆಯಾಡಿಸಿ ‘ಬದಲಿಸು’ ಒತ್ತಿದರು. ಚಿತ್ರ ಹಿಗ್ಗಿ, ಅಕ್ಷರಗಳು ಹೊಟ್ಟೆ ಬಂದಂತಾದವು. “ಅಯ್ಯೋ” ಎಂದು ‘ಹಾಗೇ ಇರಲಿ’ ಒತ್ತಿದರು. ಹಿಗ್ಗಿದ್ದು ಹಾಗೇ ಉಳಿಯಿತು.

ಪುಟ್ಟಲಕ್ಷ್ಮಿಗೆ ಬೆಂಚಿನ ಮೇಲೆ ಕೂರಲಾಗಲಿಲ್ಲ.

“ಚಿಕ್ಕವ್ವ, ಮೊದ್ಲು ಬಂದದ್ದು ಚೆನ್ನಾಗಿತ್ತಲ್ಲ, ಅದುನ್ನ ಯಾಕೆ ಬುಟ್ರಿ?”

“ಬುಡ್ಲಿಲ್ಲ ಕಣವ್ವ. ಸರಿಯಾಗೇ ಅದೆ, ಇದುಕ್ಕೆ ಬದ್ಲಾಯ್ಸು ಅಂತ್ಲೇ ಒತ್ತುದ್ದು.”

“ಮತ್ತೆ ಕೆಟ್ಟೋಗಿದ್ದುಕ್ಕೆ ಹಾಗೇ ಇರ್ಲಿ ಅಂದ್ರಲ್ಲ?”

“ಇನ್ನೇನನ್ನನ? ಮುಂಚೆ ಎಂಗಿತ್ತೋ ಅಂಗೇ ಇರ್ಲಿ, ಮುಟ್ಬ್ಯಾಡ ಅಂತ. ಮನಗೆ ಬಂದೋರು ತಟ್ಟೆ ಎತ್ತಕೋದ್ರೆ ಏನಂತೀವಿ? ಅಂಗೇ ಇರ್ಲಿ ಬುಡವ್ವ ಅಂತೀವಿ. ತಟ್ಟೆ ಎತ್ಕೊಂಡೋಗು ಅಂತ್ಲಾ?”

ಪುಟ್ಟಲಕ್ಷ್ಮಿ ಮತ್ತೆ ಕೂತರು. ನಾಲ್ಕು ತಿಂಗಳು ಇನ್ನೂರು ಸಾಲು ತಿದ್ದಿದ್ದ ಅವರು ಆ ಎರಡು ಮಾತುಗಳನ್ನು ಬರೆದದ್ದು ಎರಡೇ ನಿಮಿಷದಲ್ಲಿ. ಅದೂ ಇಂಗ್ಲಿಷ್ ಗುಂಡಿಗಳನ್ನು ನೋಡಿಕೊಂಡು. ಈ ಸೀಮೆಯಲ್ಲಿ ‘ಅಂಗೇ ಇರ್ಲಿ’ ಎಂದರೆ ಕೈ ಹಾಕಬೇಡ, ಇದ್ದದ್ದು ಇದ್ದಹಾಗಿರಲಿ ಎಂದು. ಅವರ ಮನೆಯಲ್ಲೂ ಅದೇ ಅರ್ಥ. ಬರೆಯುವಾಗ ಮಾತ್ರ ಅದು ಹೊಳೆದಿರಲಿಲ್ಲ. ಒಂಬತ್ತು ಊರಿನ ಜನ ಸರಿಯಾಗಿಯೇ ಓದಿ ಸರಿಯಾಗಿಯೇ ಒತ್ತಿದ್ದರು.

“ಇನ್ನೊಂದ್ಸಲ ಮಾಡನ ಚಿಕ್ಕವ್ವ” ಎಂದು ಯಂತ್ರವನ್ನು ಮತ್ತೆ ಶುರುಮಾಡಿದರು. ಚಲುವಮ್ಮ ತಾವಾಗಿ ಏನನ್ನುತ್ತಾರೋ ಕೇಳಲೆಂದು ಈ ಸಲ ಮೊದಲು ಕಪ್ಪು ಪರದೆ ಬರುವಂತೆ ಮಾಡಿ, ಆಮೇಲೆ ಒಳ್ಳೆಯ ಚಿತ್ರ ಬರಿಸಿದರು. ಕತ್ತಲಿದ್ದಷ್ಟು ಹೊತ್ತು ಚಲುವಮ್ಮ ಸುಮ್ಮನಿದ್ದರು. ಚಿತ್ರ ಮೂಡಿದ ಕೂಡಲೇ ಬಾಯಿಂದ ತಾನಾಗಿ ಬಂತು: “ಆಂ, ಬಂತು ಬಂತು!”

“ಏನಂದ್ರಿ?”

“ಬಂತು ಅಂದಿ. ಯಾಕವ್ವ, ತಪ್ಪಾಯ್ತಾ?”

“ಇಲ್ಲ. ಅದುನ್ನ ಯಾವಾಗ ಅಂತಿದ್ರಿ ಮುಂಚೆ?”

“ಯಾವಾಗ ಅಂದ್ರೆ? ಬೀದಿಗೊಂದು ಟೀವಿ ಇದ್ದ ಕಾಲ್ದಲ್ಲಿ, ಗಂಡಸ್ರು ಮಾಳಿಗೆ ಮೇಲೆ ಅಂಟೇನ ತಿರುಗ್ಸೋರು. ನಾವು ಬಾಗ್ಲಲ್ಲಿ ನಿಂತ್ಕಂಡು ಕೂಗೋದು. ಬಂತಾ? ಇಲ್ಲ. ಬಂತಾ? ಬಂತು, ಬಂತು, ಅಲ್ಲೇ ನಿಲ್ಸು!” ಚಲುವಮ್ಮ ನಕ್ಕರು. “ನಿಮ್ಮಪ್ಪನೇ ಕಟ್ಟಿದ್ದಲ್ವಾ ನಮ್ಮ ಬೀದಿ ಅಂಟೇನವ.”

ಅಪ್ಪ ಎರಡೂ ತಾಲ್ಲೂಕಿನಲ್ಲಿ ಕಟ್ಟಿದ ಆಂಟೆನಾಗಳಿಗೆ ಲೆಕ್ಕವಿಲ್ಲ. ಕೆಲವು ಮನೆಗಳವರು ಚಿಕ್ಕಮಾದುವನ್ನು ಒಳಗೆ ಕರೆಯುತ್ತಿರಲಿಲ್ಲ. ಹೊರಗಿನ ಏಣಿ ತೋರಿಸುತ್ತಿದ್ದರು. ಅವರು ಮಾಳಿಗೆ ಹತ್ತಿ, ತಾವು ಕಾಣದ ಚಿತ್ರವನ್ನು ಕೆಳಗಿನವರ ಕೂಗಿನ ಮೇಲೆಯೇ ಸರಿಪಡಿಸಿ, ಇಳಿದು ಹೋಗುತ್ತಿದ್ದರು. ಕೂಗು ಬರುವವರೆಗೆ ಇನ್ನೊಂದಿಷ್ಟು ತಿರುಗಿಸುವುದು, ಕೂಗು ಬಂದ ಕಡೆ ನಿಲ್ಲಿಸುವುದು. ಬೇರೆ ಅಳತೆ ಅವರಿಗಿರಲಿಲ್ಲ. ಕಂಪ್ಯೂಟರಿನ ಸ್ಥಿತಿಯೂ ಇದೇ ಎಂದು ಪುಟ್ಟಲಕ್ಷ್ಮಿಗೆ ಅಲ್ಲೇ ಸ್ಪಷ್ಟವಾಯಿತು. ತಾನು ಕಳಿಸುವ ಚಿತ್ರವನ್ನು ಅದು ನೋಡಲಾರದು. ಅದಕ್ಕೆ ಬೇಕಿರುವುದು ಕೆಳಗೆ ನಿಂತವರ ಒಂದು ಮಾತು. ಎರಡು ಗುಂಡಿಯ ಅಗತ್ಯವೇ ಇಲ್ಲ.

ಹೊಸದಾಗಿ ಬರೆದ ಪ್ರೋಗ್ರಾಮಿನಲ್ಲಿ ಒಂದೇ ಗುಂಡಿಯಿದೆ: ‘ಬಂತು’. ಒತ್ತಿದರೆ ಆ ಅಳತೆ ನಿಲ್ಲುತ್ತದೆ. ಇಪ್ಪತ್ತು ಸೆಕೆಂಡು ಯಾರೂ ಒತ್ತದಿದ್ದರೆ ಅದು ತಾನಾಗಿ ಮುಂದಿನದಕ್ಕೆ ಹೋಗುತ್ತದೆ. ಎಂಟರ್ ಕೀಲಿ ಕೆಲಸ ಮಾಡುವುದಿಲ್ಲ. ಕಪ್ಪು ಪರದೆ ಕಂಡ ಕೂಡಲೇ ಜನ ಅದನ್ನೇ ಕುಟ್ಟುತ್ತಾರೆಂದು ಬೇರೆ ಊರುಗಳಲ್ಲಿ ಕೂತು ನೋಡಿ ತಿಳಿದಿದ್ದರು. ಅಂಚು ಕತ್ತರಿಸಿದೆಯೇ ಎಂದು ತಿಳಿಯಲು ನಾಲ್ಕು ಮೂಲೆಗೆ ನಾಲ್ಕು ಬಾಳೆಹಣ್ಣಿನ ಚಿತ್ರವಿಟ್ಟು, ನಡುವೆ ‘ನಾಲ್ಕೂ ಹಣ್ಣು ಕಂಡರೆ ಒತ್ತಿ’ ಎಂದು ಬರೆದರು.

ಒಂದು ಕೊರತೆ ಉಳಿಯಿತು. ಪರದೆ ಕಪ್ಪಗಿದ್ದಾಗ ಜನ ಯಂತ್ರ ಸತ್ತಿತೆಂದು ಎದ್ದುಹೋಗುತ್ತಿದ್ದರು. ಅದು ಬದುಕಿದೆ ಎಂದು ತಿಳಿಸಲು ಧ್ವನಿ ಬೇಕು. ಸರ್ಕಾರಿ ಬಸ್ಸಿನ ಕಂಡಕ್ಟರಾಗಿರುವ ಗಂಡ ರವಿಕುಮಾರ್ ರಜೆಯ ದಿನ ಊಟಕ್ಕೆ ಕೂತಿದ್ದಾಗ ಪುಟ್ಟಲಕ್ಷ್ಮಿ ದನಿ ರೆಕಾರ್ಡ್ ಮಾಡಲು ಅವರ ಮುಂದೆ ಫೋನ್ ಹಿಡಿದರು.

“‘ಬಂತಾ?’ ಅಂತ ಕೂಗಿ.”

“ಏನ್ ಬಂತಾ? ಸಾರಾ?”

“ಮಾಳಿಗೆ ಮೇಲೆ ನಿಂತಿದ್ದೀರಿ ಅಂದ್ಕಂಡು ಕೂಗಿ ಅಂದ್ರೆ.”

“ಬಸ್ಸಲ್ಲಿ ‘ಒಳಕ್ಕೋಗ್ರೀ’ ಅಂತ ಕೂಗಿ ಕೂಗಿ ಗಂಟ್ಲೇ ಓಯ್ತು. ಮನೇಲೂ ಕೂಗ್ಬೇಕಾ?”

“ಹದ್ನಾಕು ಊರಲ್ಲಿ ನಿಮ್ಮ ದನಿ ಕೇಳುತ್ತೆ.”

“ಅಂಗಾದ್ರೆ ಸರಿ” ಎಂದು ನೀರು ಕುಡಿದು, ಎರಡು ಮನೆ ಆಚೆಗೆ ಕೇಳುವಂತೆ ಕೂಗಿದರು. ಪಕ್ಕದ ಮನೆಯಾಕೆ ಯಾರು ಬಂದರೆಂದು ಹೊರಗೆ ಬಂದರು. ಆ ಕೂಗನ್ನೇ ಪ್ರೋಗ್ರಾಮಿಗೆ ಹಾಕಲಾಯಿತು.

ಜನವರಿ ಹನ್ನೊಂದರಂದು ಬಸವೇಶ್ ಹೆಮ್ಮರಗಾಲಕ್ಕೆ ಕಾರಿನಲ್ಲಿ ಮೂರು ಪರದೆ ತಂದರು. ಒಂದು ಚೌಕದ್ದು, ಒಂದು ಅಗಲದ್ದು, ಇನ್ನೊಂದು ಅವರ ಕಚೇರಿಯ ಮೂಲೆಯಲ್ಲಿ ಬಿದ್ದಿದ್ದು. ಪುಟ್ಟಲಕ್ಷ್ಮಿ ಬಾಗಿಲ ಬಳಿ ಕುರ್ಚಿ ಹಾಕಿಕೊಂಡರು. ಕೋಮಲ ಅವರ ಪಕ್ಕ ನಿಂತರು. ಕೂರಿಸಲು ಯಾರೂ ಸಿದ್ಧರಾಗಿ ಬರಬಾರದೆಂದು ಬಸವೇಶ್ ತಾವೇ ಬೀದಿಗೆ ಹೋಗಿ, ಡೈರಿಗೆ ಹಾಲು ಹಾಕಿ ಬರುತ್ತಿದ್ದ ಶಿವಸ್ವಾಮಿ ಎಂಬುವರನ್ನು ಕರೆತಂದರು. ಐವತ್ತು ದಾಟಿದ ಆಳು. ಖಾಲಿ ಕ್ಯಾನು ಕೈಯಲ್ಲೇ ಇತ್ತು.

“ಕರೆಂಟ್ ಒಡಿಯಲ್ವಾ ಸಾ?”

“ಇಲ್ಲ, ಕೂತ್ಕೊಳಿ. ಈ ಪರದೆ ಜೋಡಿಸಿ, ಸ್ವಿಚ್ ಹಾಕಿ. ಅದೇನ್ ಹೇಳುತ್ತೋ ನೋಡ್ಕೊಂಡು ಮಾಡಿ.”

ಕೋಮಲ ನಡುವೆ ಬಂದರು. “ಮಾವ, ಇಲಿನ ಬಾಲ ಹಿಡ್ದಂಗೆ ಹಿಡೀಬ್ಯಾಡ ಅದುನ್ನ. ಬೆನ್ನ ಮೇಲೆ ಕೈ ಮಡುಗು.”

“ಏಯ್, ಗೊತ್ತು ಸುಮ್ಕಿರಮ್ಮಿ” ಎಂದು ಶಿವಸ್ವಾಮಿ ಮೌಸನ್ನು ಸರಿಯಾಗಿ ಹಿಡಿದರು.

ಚೌಕದ ಪರದೆ ಕಪ್ಪಗಿತ್ತು. ಒಳಗಿನಿಂದ ರವಿಕುಮಾರ್ ಕೂಗಿದರು: “ಬಂತಾ?”

ಶಿವಸ್ವಾಮಿ ಬೆಚ್ಚಿದರು. ಸುತ್ತ ನೋಡಿ, ಯಾರೂ ಉತ್ತರ ಕೊಡದಿದ್ದಾಗ, ಪರದೆಗೆ ಜೋರಾಗಿ ಹೇಳಿದರು: “ಇಲ್ಲ!”

ಬಸವೇಶ್ ಗಡಿಯಾರ ನೋಡುತ್ತಿದ್ದರು. ಇಪ್ಪತ್ತು ಸೆಕೆಂಡಾಯಿತು. ಚಿತ್ರ ಬಂತು, ಆದರೆ ಕೆಳಭಾಗ ಇರಲಿಲ್ಲ. “ಬಂತಾ?”

“ಎರಡೇ ಹಣ್ಣು ಕಣಪ್ಪ. ಇನ್ನೊಂಚೂರು ತಿರುಗ್ಸು.”

ಮೂರನೆಯ ಯತ್ನಕ್ಕೆ ನಾಲ್ಕೂ ಹಣ್ಣು ಕಂಡವು. “ಬಂತು, ಬಂತು!” ಎಂದು ಶಿವಸ್ವಾಮಿ ಗುಂಡಿಯನ್ನು ಹುಡುಕಿ ಒತ್ತಿದರು. ಚಿತ್ರ ನಿಂತಿತು. ಒಂದು ನಿಮಿಷ ಹತ್ತು ಸೆಕೆಂಡು. ಅಗಲದ ಪರದೆಗೆ ಅರ್ಧ ನಿಮಿಷವೂ ಬೇಕಾಗಲಿಲ್ಲ.

“ಬಾಳೆಹಣ್ಣು ಯಾಕೆ ಮೇಡಂ?” ಎಂದು ಬಸವೇಶ್ ಕೇಳಿದರು.

“ನಂಜನಗೂಡು ತಾಲ್ಲೂಕಲ್ಲಿ ಸೇಬಿನ ಹಣ್ಣು ಹಾಕ್ಲಾ ಸಾ?”

ಮೂರನೆಯ ಪರದೆ ಕಪ್ಪಗೇ ಇತ್ತು. ರವಿಕುಮಾರ್ ಏಳು ಸಲ ಕೂಗಿದರು. ಶಿವಸ್ವಾಮಿ ಏಳು ಸಲ ಇಲ್ಲವೆಂದರು. ಪಟ್ಟಿಯಲ್ಲಿದ್ದ ಅಳತೆಗಳೆಲ್ಲ ಮುಗಿದು, ಪ್ರೋಗ್ರಾಂ ಮತ್ತೆ ಮೊದಲಿಂದ ಶುರುಮಾಡಿತು. ಬಸವೇಶ್ ಪೆನ್ನು ತೆಗೆದರು.

“ಇದು ಆಗ್ಲಿಲ್ಲ ಅಂತ ಬರ್ಕೊಳ್ಳಲಾ ಮೇಡಂ?”

ಬಾಯಿ ಬಿಡುವುದಿಲ್ಲ ಎಂಬ ಮಾತನ್ನು ಪುಟ್ಟಲಕ್ಷ್ಮಿ ಅಲ್ಲಿಗೆ ಮುರಿದರು. ಕುರ್ಚಿಯಿಂದ ಎದ್ದು, ಕುಂಟುತ್ತ ಬಂದು, ಫೋನಿನ ಟಾರ್ಚನ್ನು ಶಿವಸ್ವಾಮಿಯ ಕೈಗೆ ಕೊಟ್ಟರು. “ಅಣ್ಣ, ಓರೆಯಾಗಿ ಬೆಳಕು ಬುಟ್ಟು ನೋಡಿ.”

ಶಿವಸ್ವಾಮಿ ಪರದೆಗೆ ಮೂಗು ತಾಗಿಸುವಷ್ಟು ಹತ್ತಿರ ಹೋದರು. ಟಾರ್ಚನ್ನು ಮೂಲೆಯಿಂದ ಮೂಲೆಗೆ ಒಯ್ದರು. “ಅಯ್ ಶಿವ್ನೆ! ಹಣ್ಣದೆ ಸಾ. ಒಂದು, ಎರಡು... ನಾಕೂ ಅವೆ! ಮಬ್ಬಾಗಿ.”

“ಚಿತ್ರ ಬಂದದೆ ಸಾ” ಎಂದರು ಪುಟ್ಟಲಕ್ಷ್ಮಿ. “ಪರದೆ ಹಿಂದಿನ ದೀಪ ಸತ್ತದೆ. ಇದು ನಿಮ್ಮ ಆಫೀಸಿಂದ ಬರುವಾಗ್ಲೇ ಸತ್ತಿತ್ತು.”

ಬಸವೇಶ್ ತಾವೂ ಬಗ್ಗಿ ನೋಡಿದರು. ಟಾರ್ಚಿನ ವೃತ್ತದಲ್ಲಿ ಬಾಳೆಹಣ್ಣಿನ ನೆರಳು ಸ್ಪಷ್ಟವಾಗಿತ್ತು. ಪೆನ್ನನ್ನು ಜೇಬಿಗೆ ಸೇರಿಸಿ, “ಹದಿನಾಲ್ಕೂ ಹಾಗೇ ಇರ್ಲಿ” ಎಂದರು. ಆಮೇಲೆ ಸ್ವಲ್ಪ ಯೋಚಿಸಿ, ತಪ್ಪು ತಿಳಿಯುವುದು ಬೇಡವೆಂದು ಬಿಡಿಸಿ ಹೇಳಿದರು: “ಅಂದ್ರೆ, ವಾಪಸ್ ತಗೊಂಡ್ಹೋಗಲ್ಲ.”

ಮುಂದಿನ ಒಂದು ವಾರದಲ್ಲಿ ಪುಟ್ಟಲಕ್ಷ್ಮಿ ಹೊಸ ಪ್ರೋಗ್ರಾಮನ್ನು ಉಳಿದ ಊರುಗಳಿಗೆ ಹಾಕಿ ಮುಗಿಸಿದರು. ಕೊನೆಯ ಎರಡು ಊರಿಗೆ ಸ್ಕೂಟರ್ ಓಡಿಸಿದ್ದು ಕೋಮಲ. ಬೇರೆಯವರೂ ಬಳಸಲಿ, ತಿದ್ದಲಿ ಎಂದು ಅದನ್ನು ಅಂತರ್ಜಾಲದಲ್ಲಿ ಎಲ್ಲರಿಗೂ ತೆರೆದಿಟ್ಟರು. ಒಡಿಶಾದ ಶಿಕ್ಷಕರೊಬ್ಬರು ತಮ್ಮ ಭಾಷೆಗೆ ತರಲು ‘ಬಂತು’ ಪದದ ಅರ್ಥ ಕೇಳಿ ಬರೆದರು. ನಿಘಂಟಿನ ಅರ್ಥ ಬೇಡ, ನಿಮ್ಮೂರಿನ ಅಜ್ಜಿಯನ್ನು ಕತ್ತಲೆ ಪರದೆ ಮುಂದೆ ಕೂರಿಸಿ, ಚಿತ್ರ ಬಂದಾಗ ಏನೆನ್ನುತ್ತಾಳೋ ಅದನ್ನು ಬರೆಯಿರಿ ಎಂದು ಪುಟ್ಟಲಕ್ಷ್ಮಿ ಉತ್ತರಿಸಿದರು.

ಆಪರೇಷನ್ ಗೊತ್ತಾದ ದಿನವೇ ಆಯಿತು. ಮನೆಯಲ್ಲಿ ಮಂಚದ ಪಕ್ಕ ಫೋನಿಟ್ಟುಕೊಂಡು ಮಲಗಿದರು. ಮೊದಲ ವಾರ ಅದು ಹೊಡೆದುಕೊಂಡಾಗಲೆಲ್ಲ ಗೋಡೆಗೆ ಒರಗಿಸಿದ ವಾಕರಿನ ಕಡೆ ಕೈ ಹೋಗುತ್ತಿತ್ತು. ಫೆಬ್ರವರಿ ಮುಗಿಯಿತು. ಯಾವ ಓದುಮನೆಯಿಂದಲೂ ಪರದೆಯ ಮಾತು ಬರಲಿಲ್ಲ. ಮಾರ್ಚ್ ಎರಡನೇ ವಾರ ಕೋಮಲ ಫೋನ್ ಮಾಡಿದರು.

“ಪುಟ್ಟಕ್ಕ, ಮೊನ್ನೆ ಸಿಡಿಲು ಬಡ್ದು ನಮ್ಮ ಪರದೆ ಸುಟ್ಟೋಯ್ತು.”

ಪುಟ್ಟಲಕ್ಷ್ಮಿ ಎದ್ದು ಕೂತರು. “ಮತ್ತೆ ಮೊನ್ನೆನೇ ಯಾಕೆ ಮಾಡ್ಲಿಲ್ಲ ನೀನು?”

“ಮಾಡಿ ಏನ್ಮಾಡ್ಬೇಕಿತ್ತಕ್ಕ? ಸ್ಕೂಲಿಂದ ಒಂದು ಹಳೇದು ತಂದು ಜೋಡುಸ್ದೋ. ನಾಕು ಸಲ ಕೂಗ್ತು, ಬಂತು. ಮಂಡಿ ಎಂಗದೆ ಅಂತ ಕೇಳನ ಅಂತ ಮಾಡ್ದಿ.”